ಇಂದಿನ ಧಮ್ಮ ಚಿಂತನೆ: ಅವ್ವ ಕೇಳಿದ ಪ್ರಶ್ನೆ





ನನಗೊಂದು ವಿಚಿತ್ರ ಹವ್ಯಾಸವಿದೆ. ಬಳಗದಲ್ಲಿ ಕೆಲವರಿಗೆ ಗೊತ್ತು, ಗೊತ್ತಾದವರು ನಕ್ಕಿದ್ದೂ ಉಂಟು. ಭಾನುವಾರ ಬಟ್ಟೆ ಒಗೆದು ಮುಗಿಸಿದ ಮೇಲೆ ಮಗಳ ಹಳೆಯ ಪಾಟಿ ತೆಗೆದುಕೊಂಡು ಬ್ರಾಹ್ಮಿ ಅಕ್ಷರ ತಿದ್ದುತ್ತಾ ಕೂರುತ್ತೇನೆ. ಅಶೋಕನ ಕಾಲದ ಲಿಪಿ ಅದು. ಎಂ.ಎ. ಓದುವಾಗ ಪರೀಕ್ಷೆಗೆ ಬೇಕಾದಷ್ಟು ಕಲಿತು ಮರೆತಿದ್ದೆ. ಐದು ವರ್ಷದ ಹಿಂದೆ ಸುಮ್ಮನೆ ಒಂದಕ್ಷರ ಬರೆದೆ, ಅಲ್ಲಿಂದ ಬಿಟ್ಟಿಲ್ಲ.

ಮೊನ್ನೆ ಅವ್ವ ಪಕ್ಕದಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದಳು. ಬಹಳ ಹೊತ್ತು ನೋಡಿ ಕೇಳಿದಳು:

"ಇದನ್ನ ಕಲತ್ರ ಪಗಾರ ಹೆಚ್ಚಿಗಿ ಕೊಡ್ತಾರೇನ ಯವ್ವಾ?"

"ಇಲ್ಲ ಬೇ."

"ಮತ್ತ್ಯಾಕ?"

ನನಗೆ ಉತ್ತರ ಹೊಳೆಯಲಿಲ್ಲ. ಅವ್ವನ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳುವ ಹಾಗೂ ಇಲ್ಲ. ಅವಳು ಹುಡುಗಿಯಾಗಿದ್ದಾಗಿನಿಂದ ಬೇರೆಯವರ ಹೊಲದಲ್ಲಿ ಕಳೆ ತೆಗೆದವಳು. ನಮ್ಮ ಹಿರಿಯರ ಬಾಯಲ್ಲಿ ಹವ್ಯಾಸ ಎಂಬ ಮಾತೇ ಇರಲಿಲ್ಲ, ಏಕೆಂದರೆ ದಿನದ ಯಾವ ಗಳಿಗೆಯೂ ಅವರ ಸ್ವಂತದ್ದಾಗಿರಲಿಲ್ಲ. ಸತ್ತ ದನ ಎಳೆ ಎಂದರೆ ಎಳೆಯಬೇಕು, ಡಂಗುರ ಸಾರು ಎಂದರೆ ಸಾರಬೇಕು. ಹಲಗೆ ಬಾರಿಸುವುದು ಕೂಡ ಊರಿನವರು ಕರೆದಾಗಲೇ.

ಬಾಬಾಸಾಹೇಬರನ್ನು ನೆನೆಯಿರಿ. ಪುಸ್ತಕಗಳಿಗೆ ಜಾಗ ಸಾಲದೆಂದು ದಾದರಿನಲ್ಲಿ ಮನೆ ಕಟ್ಟಿಸಿ, ಅದಕ್ಕೆ ರಾಜಗೃಹ ಎಂದು ಮಗಧದ ಹಳೆಯ ರಾಜಧಾನಿಯ ಹೆಸರಿಟ್ಟರು. ಅದು ನಮಗೆಲ್ಲ ಗೊತ್ತು. ಆದರೆ ವಯಸ್ಸಾದ ಮೇಲೆ ಪಿಟೀಲು ಕಲಿಯಲು ಕೂತದ್ದನ್ನು ನಾವು ವೇದಿಕೆಯ ಮೇಲೆ ಹೇಳುವುದು ಕಡಿಮೆ. ಅಷ್ಟು ಕೆಲಸ, ಅಷ್ಟು ಕಾಯಿಲೆಯ ನಡುವೆ ಪಿಟೀಲು! ಅದರಿಂದ ಯಾವ ಕಾಯ್ದೆಯೂ ಪಾಸಾಗುವುದಿಲ್ಲ. ಆ ಹೊತ್ತು ಅವರದು, ಅಷ್ಟೇ.

ಬ್ರಾಹ್ಮಿ ಓದಲು ಬಂದದ್ದೂ ಒಬ್ಬನ ಬಿಡುವಿನ ಹುಚ್ಚಿನಿಂದಲೇ. ಜೇಮ್ಸ್ ಪ್ರಿನ್ಸೆಪ್ ಕಲ್ಕತ್ತೆಯ ಟಂಕಸಾಲೆಯಲ್ಲಿ ಲೋಹ ಪರೀಕ್ಷಿಸುವ ಅಧಿಕಾರಿ. ಸಂಬಳ ಅದಕ್ಕೆ. ಉಳಿದ ಹೊತ್ತಿನಲ್ಲಿ ಯಾರಿಗೂ ಓದಲು ಬಾರದ ಅಕ್ಷರಗಳ ಮುಂದೆ ಕೂರುತ್ತಿದ್ದ. 1837ರಲ್ಲಿ ಸಾಂಚಿ ಸ್ತೂಪದ ಕಲ್ಲುಕಟಾಂಜನದ ಪುಟ್ಟ ಬರಹಗಳ ಪ್ರತಿಗಳು ಅವನ ಕೈಗೆ ಬಂದವು. ಹೆಚ್ಚಿನವು ಒಂದೇ ಬಗೆಯ ಎರಡಕ್ಷರದಲ್ಲಿ ಮುಗಿಯುತ್ತಿದ್ದವು. ರಾಜರ ಹೊಗಳಿಕೆಯಾದರೆ ಇಷ್ಟು ಚಿಕ್ಕದಿರದು, ಕೊಟ್ಟವರ ಹೆಸರುಗಳಿರಬೇಕು ಎಂದು ಊಹಿಸಿದ. ಆ ಎರಡಕ್ಷರ 'ದಾನಂ'. ಬೀಗದ ಕೈ ಸಿಕ್ಕಿತು.

ಬಂಧುಗಳೇ, ದಾನ ಎಂಬ ಮಾತಿನಿಂದಲೇ ಆ ಲಿಪಿ ಬಾಯಿಬಿಟ್ಟಿತು ಎಂದು ಮೊದಲ ಸಲ ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಎದ್ದು ಓಡಾಡಿದೆ. ಕೊಟ್ಟವರಲ್ಲಿ ಭಿಕ್ಖುಣಿಯರಿದ್ದಾರೆ, ವ್ಯಾಪಾರಿಗಳಿದ್ದಾರೆ. ದಕ್ಷಿಣ ದ್ವಾರದ ಕೆತ್ತನೆ ನಮ್ಮದು ಎಂದು ವಿದಿಶೆಯ ದಂತದ ಕೆಲಸಗಾರರು ಬರೆಸಿಟ್ಟಿದ್ದಾರೆ. ಕೈಕಸುಬಿನವರು!

ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯ ಶಾಸನ 1915ರಲ್ಲಿ ಬೆಳಕಿಗೆ ಬಂದದ್ದು ಬೀಡನ್ ಎಂಬ ಚಿನ್ನದ ಗಣಿ ಎಂಜಿನಿಯರ್‌ನಿಂದ. ದೇವಾನಾಂಪ್ರಿಯ ಎಂಬ ಬಿರುದಿನ ಜೊತೆಗೆ ಅಶೋಕ ಎಂಬ ಹೆಸರೂ ಅಲ್ಲಿದೆ ಎಂದು ಶಾಲೆಯಲ್ಲಿ ಪಾಠ ಮಾಡುತ್ತೇವೆ. ಮಕ್ಕಳು ಒಂದು ಅಂಕಕ್ಕೆ ಬರೆಯುತ್ತಾರೆ. ಅದರೊಳಗಿನ ಮಾತನ್ನು ಮಾತ್ರ ಬಿಟ್ಟುಬಿಡುತ್ತೇವೆ. ಧಮ್ಮದಲ್ಲಿ ತೊಡಗಿದರೆ ಸಣ್ಣವನೂ ಈ ಗುರಿ ಮುಟ್ಟಬಲ್ಲ, ದೊಡ್ಡವರಿಗೆ ಮಾತ್ರ ಇದು ಸಾಧ್ಯ ಎಂದು ತಿಳಿಯಬೇಡಿ ಎಂದು ಆ ಕಲ್ಲು ಹೇಳುತ್ತದೆ. ಸಣ್ಣವನಿಗೆ ಅಲ್ಲಿರುವ ಮಾತು 'ಖುದಕ'. ಅಕ್ಷರವನ್ನೇ ನಿಷೇಧಿಸಿದ್ದ ಜನ ನಾವು. ಆ ಮೂರಕ್ಷರವನ್ನು ಯಾವ ಪಂಡಿತರ ಬಾಯಿಂದಲೂ ಕೇಳದೆ, ನನ್ನ ಬೆರಳಿಟ್ಟು ನಾನೇ ಕೂಡಿಸಿ ಓದಿದೆ. ಪಗಾರದಲ್ಲಿ ಇದನ್ನು ಹೇಗೆ ತೋರಿಸಲಿ?

ಒಂದು ತಪ್ಪೂ ಒಪ್ಪಿಕೊಳ್ಳಬೇಕು. ನಡುವೆ ಒಂದು ವರ್ಷ ಬರೆದದ್ದನ್ನೆಲ್ಲ ಫೋಟೋ ತೆಗೆದು ಸ್ಟೇಟಸ್‌ಗೆ ಹಾಕುತ್ತಿದ್ದೆ. ಎಷ್ಟು ಜನ ನೋಡಿದರು ಎಂದು ಗಳಿಗೆಗೊಮ್ಮೆ ಎಣಿಕೆ. ಯಾರಾದರೂ ತಪ್ಪಾಗಿ ಓದಿದರೆ ತಿದ್ದುವುದರಲ್ಲಿ ಒಂದು ಕೆಟ್ಟ ಸುಖ. ತಣ್ಹಾ ಎಲ್ಲೆಲ್ಲಿ ನುಗ್ಗುತ್ತದೆ ನೋಡಿ, ಒಂದು ಪಾಟಿಯನ್ನೂ ಬಿಡಲಿಲ್ಲ. ಈಗ ಫೋಟೋ ನಿಲ್ಲಿಸಿದ್ದೇನೆ. ಬರೆದು ಒರೆಸುತ್ತೇನೆ.

ಇಷ್ಟನ್ನೂ ಅವ್ವನಿಗೆ ನನಗೆ ಬಂದ ಹಾಗೆ ಹೇಳಿದೆ. ಅರ್ಧ ಕೇಳಿದಳೋ ಏನೋ, ಪಾಟಿಯ ಮೇಲಿನ ಒಂದಕ್ಷರಕ್ಕೆ ಬೆರಳಿಟ್ಟು, "ಇದು ನಾಕ ದಾರಿ ಕೂಡೂ ಜಾಗ ಅಲ್ಲೇನ?" ಎಂದಳು. ಅದು 'ಕ'. ಬ್ರಾಹ್ಮಿಯಲ್ಲಿ ಕೂಡಿಸುವ ಗುರುತಿನ ಹಾಗೇ ಇರುತ್ತದೆ. "ನಿನ್ನ ಹೆಸರಿನ ಮೊದಲ ಅಕ್ಷರ ಬೇ" ಎಂದೆ. ಪಡಿತರ ಚೀಟಿಯಿಂದ ಬ್ಯಾಂಕಿನವರೆಗೆ ಹೆಬ್ಬೆಟ್ಟು ಒತ್ತಿದವಳು ಶೇಂಗಾ ಮರ ಬದಿಗೆ ಸರಿಸಿದಳು. ಸೀರೆಯ ಸೆರಗಿಗೆ ಕೈ ಒರೆಸಿಕೊಂಡು ಬಳಪ ಹಿಡಿದಳು. ಒಂದು ಅಡ್ಡಗೆರೆ, ಒಂದು ಉದ್ದಗೆರೆ. ಮೊದಲನೆಯದು ಸೊಟ್ಟಗಾಯಿತು, ಒರೆಸಿದಳು.

ಈ ವಾರ 'ನ' ತಿದ್ದುತ್ತಿದ್ದಾಳೆ. ಪಗಾರದ ಮಾತು ಮತ್ತೆ ಎತ್ತಿಲ್ಲ.

ಭವತು ಸಬ್ಬ ಮಂಗಲಂ. ಜೈ ಭೀಮ್.