ಮಗ್ಗುಲಲ್ಲಿ ಕುಳಿತ ತಾಯಿ

ಮಗುವಿಗೆ ಉತ್ತರ ಹೇಳಿಕೊಡುವುದು ತಪ್ಪೇ? ತಾಯಿಯಾದವಳಿಗೆ ಈ ಪ್ರಶ್ನೆಯೇ ವಿಚಿತ್ರವೆನಿಸೀತು. ನನಗೂ ಹಾಗೆಯೇ ಅನಿಸುತ್ತಿತ್ತು, 2020ರ ಮಳೆಗಾಲದ ಒಂದು ಬೆಳಗಿನವರೆಗೆ.

ಮಾರ್ಚ್‌ನಲ್ಲಿ ಮುಚ್ಚಿದ ಶಾಲೆಗಳು ಜೂನ್ ಬಂದರೂ ತೆರೆಯಲಿಲ್ಲ. ಐದನೆಯ ತರಗತಿವರೆಗಿನ ಮಕ್ಕಳಿಗೆ ಆನ್‌ಲೈನ್ ಪಾಠ ಬೇಡವೆಂದು ಸರ್ಕಾರ ಹೇಳಿತು. ಜುಲೈನಲ್ಲಿ ಹೈಕೋರ್ಟು ಅದಕ್ಕೆ ತಡೆ ಕೊಟ್ಟಿತು. ಹೀಗೆ ಹೊಸಪೇಟೆಯ ನಮ್ಮ ಮನೆಯ ಊಟದ ಮೇಜೇ ಮೂರನೆಯ ತರಗತಿಯಾಯಿತು. ಮಗ ಮೊಬೈಲಿನ ಮುಂದೆ. ನಾನು ಅದಕ್ಕೆ ಕಾಣದಂತೆ ಅವನ ಮಗ್ಗುಲಲ್ಲಿ. ಮೇಡಂ ಮಗ್ಗಿ ಕೇಳಿದರೆ ಅವನು ತಡವರಿಸುವ ಮೊದಲೇ ಪಿಸುಗುಟ್ಟುತ್ತಿದ್ದೆ. ಆ ಪುಟ್ಟ ಚೌಕಗಳೊಳಗಿಂದ ಎಷ್ಟು ಮನೆಯವರು ನಮ್ಮನ್ನು ನೋಡುತ್ತಿದ್ದಾರೋ! ಅದು ಮರ್ಯಾದೆಯ ಪ್ರಶ್ನೆ. ಅವನದಲ್ಲ, ನನ್ನದು.

ಆ ದಿನ ಏಳೆಂಟ್ಲಿ ಐವತ್ತಾರು ಎಂದದ್ದಕ್ಕೆ ಮೇಡಂ "ವೆರಿ ಗುಡ್" ಎಂದರು. ಮಗ ನಗಲಿಲ್ಲ. ಪಾಠ ಮುಗಿದ ಮೇಲೆ, "ಗುಡ್ ಅಂದಿದ್ದು ನಿಂಗಮ್ಮ, ನಂಗಲ್ಲ" ಎಂದು ಎದ್ದು ಹೋದ. ಮರುದಿನದಿಂದ ಪಾಠದ ಹೊತ್ತಿಗೆ ಸರಿಯಾಗಿ ಅವನಿಗೆ ಹೊಟ್ಟೆನೋವು. ನೆಪವೆಂದು ಗದರಿದೆ, ಒಮ್ಮೆ ಹೊಡೆದೆ ಕೂಡ. ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ.

ನನ್ನ ಅಕ್ಕ ಕಂಪ್ಲಿಯ ಕಡೆ ಸರ್ಕಾರಿ ಶಾಲೆಯಲ್ಲಿ ಶಿಕ್ಷಕಿ. ಆಗಸ್ಟ್‌ನಲ್ಲಿ ವಿದ್ಯಾಗಮ ಶುರುವಾದಾಗ ಮಕ್ಕಳಿದ್ದಲ್ಲಿಗೇ ಹೋಗಿ ಗುಡಿಯ ಕಟ್ಟೆಯ ಮೇಲೆ ಪಾಠ ಮಾಡುತ್ತಿದ್ದಳು. ಅಕ್ಟೋಬರ್‌ನಲ್ಲಿ ಅದೂ ನಿಂತಿತು. ಫೋನಿನಲ್ಲಿ ನನ್ನ ದೂರೆಲ್ಲ ಕೇಳಿ ಅಕ್ಕ ಹೇಳಿದಳು: "ನಾ ಮೊದ್ಲು ಪಾಠ ಕೇಳೂದಿಲ್ಲವ್ವ. ಉಂಡಿಯಾ, ನಿದ್ದಿ ಬಂತಾ ಅಂತ ಕೇಳ್ತೀನಿ. ಒಬ್ಬ ಹುಡುಗಿ ಮೂರು ದಿನ ಬಾಯೇ ಬಿಡಲಿಲ್ಲ. ನಾಲ್ಕನೇ ದಿನ, ಅಪ್ಪಗ ಕೆಲಸ ಇಲ್ಲ ಅಂದ್ಲು. ಆಮ್ಯಾಲೆ ಪುಸ್ತಕ ತೆಗೆದ್ಲು." ಸ್ವಲ್ಪ ತಡೆದು ಕೇಳಿದಳು: "ನಿನ್ನ ಮಗ ತಪ್ಪು ಹೇಳಾಕ ನೀ ಎಲ್ಲಿ ಜಾಗ ಇಟ್ಟೀ?"

ಆ ಮಾತು ನನ್ನನ್ನು ಬಿಡಲಿಲ್ಲ. ಶಾಲೆಯೆಂದರೆ ಕಲಿಯುವ ಜಾಗವೆಂದು ತಿಳಿದಿದ್ದೆವು. ಅದು ತಾಯಿಯ ಕಣ್ಣು ತಪ್ಪಿಸಿ ತಪ್ಪು ಮಾಡುವ ಜಾಗವೂ ಹೌದು. ತಪ್ಪು ಹೇಳಿದರೆ ಗೆಳೆಯರು ನಗುತ್ತಿದ್ದರು, ಗಂಟೆ ಬಾರಿಸುವಷ್ಟರಲ್ಲಿ ಎಲ್ಲರೂ ಮರೆಯುತ್ತಿದ್ದರು, ಮನೆಗೆ ಸುದ್ದಿಯೇ ಬರುತ್ತಿರಲಿಲ್ಲ. ನಾವೂ ಹಾಗೆಯೇ ಬೆಳೆದವರಲ್ಲವೇ? ಮಗುವಿನದೆಲ್ಲವನ್ನೂ ಕಾಣುವ ಹಕ್ಕು ಪ್ರೀತಿಗೆ ಉಂಟೇ?

ಹಾಗೆಂದು ಎದ್ದು ಹೋಗುವುದೇ ಧರ್ಮವೆನ್ನಲಾರೆ. ಸಂಡೂರಿನಲ್ಲಿ ನನ್ನ ತಮ್ಮನ ಮನೆಗೆ ಇದ್ದದ್ದು ಒಂದೇ ಫೋನು. ಅವನು ಅದನ್ನು ಜೇಬಿಗಿಟ್ಟುಕೊಂಡು ಗಣಿ ಕೆಲಸಕ್ಕೆ ಹೋದರೆ, ಮಗಳಿಗೆ ಸಂಜೆಯವರೆಗೆ ಪಾಠವೂ ಇಲ್ಲ, ಮಾತೂ ಇಲ್ಲ. ಆ ಹುಡುಗಿಗೆ ಮಗ್ಗುಲಲ್ಲಿ ಕೂರುವವರು ಬೇಕಿತ್ತು. ನನ್ನ ಮಗನಿಗೆ ಮಗ್ಗುಲಿಂದ ಏಳುವವರು. ಯಾವ ಮಗುವಿಗೆ ಯಾವುದು ಬೇಕೆಂದು ತಿಳಿಯಲು, ಉತ್ತರ ಕೇಳುವ ಮೊದಲು ಮುಖ ನೋಡಬೇಕು.

ಮರುದಿನ ಅಡುಗೆಮನೆಯಲ್ಲಿ ಅಕ್ಕಿ ಆರಿಸುತ್ತ ಕುಳಿತೆ. ಹೊರಗಿನಿಂದ "ಐವತ್ತನಾಲ್ಕು" ಎಂಬ ದನಿ ಕೇಳಿತು. ನಾಲಿಗೆ ಕಚ್ಚಿಕೊಂಡೆ. ಮೇಡಂ ತಿದ್ದಿದರು, ಆಕಾಶವೇನೂ ಕಳಚಿ ಬೀಳಲಿಲ್ಲ. ಹೊಟ್ಟೆನೋವು ಒಂದೇ ದಿನಕ್ಕೆ ಹೋಗಲಿಲ್ಲ, ಆದರೆ ಹೋಯಿತು. ವರ್ಷದ ಕೊನೆಗೆ ಹಂಪಿಗೆ ಕರೆದೊಯ್ದಾಗ, ಜನವಿಲ್ಲದ ಬಜಾರಿನುದ್ದಕ್ಕೂ ಕಂಬ ಎಣಿಸುತ್ತ ಓಡಿದ. ಎಣಿಕೆ ತಪ್ಪಿತು. ತಾನೇ ನಕ್ಕು, ಮತ್ತೆ ಒಂದರಿಂದ ಶುರುಮಾಡಿದ.

2021ರ ಅಕ್ಟೋಬರ್ 25ರಂದು ಸಣ್ಣ ತರಗತಿಗಳು ತೆರೆದವು. ಗೇಟಿನ ಬಳಿ ಕೈ ಬಿಡಿಸಿಕೊಂಡು, ಹಿಂತಿರುಗಿ ನೋಡದೆ ಒಳಗೆ ಹೋದ. ಸಂಜೆ ಬಂದಾಗ "ಏನು ಕೇಳಿದರು, ಏನು ಹೇಳಿದೆ?" ಎಂಬ ಮಾತು ತುಟಿಯವರೆಗೆ ಬಂತು. ನುಂಗಿಕೊಂಡು, "ಹಸಿವಾಯ್ತೇನೋ?" ಎಂದೆ.