ಹಣೆಯ ಬೂದಿ, ತೀರದ ಕೂಲಿ

ತಪಸ್ಸುಕಾಲ ಆರಂಭವಾಗುವ ವಿಭೂತಿ ಬುಧವಾರದ ಬಲಿಪೂಜೆಯಲ್ಲಿ ಮತ್ತಾಯನ ಶುಭಸಂದೇಶದ ಆರನೇ ಅಧ್ಯಾಯ ಓದುತ್ತಾರೆ. ಉಪವಾಸವಿರುವಾಗ ಮುಖ ತೊಳೆದುಕೊಳ್ಳಿ, ಜನರಿಗೆ ತಿಳಿಯುವುದು ಬೇಡ ಎಂದು ಯೇಸು ಹೇಳುವ ಭಾಗ ಅದು. ಅದನ್ನು ಕೇಳಿದ ಸ್ವಲ್ಪ ಹೊತ್ತಿಗೇ ಸಾಲಿನಲ್ಲಿ ನಿಂತು ಹಣೆಗೆ ಬೂದಿ ಹಾಕಿಸಿಕೊಳ್ಳುತ್ತೇವೆ. ಕ್ರೈಸ್ತರ ದೊಡ್ಡ ನೆಲೆಯಾದ ಹನೂರಿನ ಮಾರ್ಟಳ್ಳಿಯಲ್ಲಿ ಆ ಬೂದಿ ಯಾರಿಗೂ ಹೊಸದಲ್ಲ. ಅದೇ ಬೂದಿಯನ್ನು ಹಣೆಯಲ್ಲಿ ಹೊತ್ತು ಯಳಂದೂರಿನ ಪೇಟೆಗೆ ಹೋದರೆ ನಾಲ್ಕು ಜನ ತಿರುಗಿ ನೋಡುತ್ತಾರೆ. ಒಂದು ಕಡೆ ಹಚ್ಚಿಕೊಳ್ಳದಿರಲು ಧೈರ್ಯ ಬೇಕು, ಇನ್ನೊಂದು ಕಡೆ ಹಚ್ಚಿಕೊಳ್ಳಲು. ಆದ್ದರಿಂದ ಗುರುತನ್ನು ನೋಡಿ ಪ್ರಾಮಾಣಿಕತೆಯನ್ನು ಅಳೆಯಲಾಗದು.

ಹಾಗಾದರೆ ನಮ್ಮೊಳಗೆ ಇಣುಕಿ ನೋಡಿದರೆ ಸಾಕೇ? ಲೂಕನ ಹದಿನೆಂಟನೇ ಅಧ್ಯಾಯದ ಫರಿಸಾಯ ದೇವಾಲಯದಲ್ಲಿ ಮಾಡಿದ್ದೂ ಆತ್ಮಶೋಧನೆಯೇ. ವಾರಕ್ಕೆ ಎರಡು ಉಪವಾಸ, ಆದಾಯದ ದಶಾಂಶ ಎಂದು ಅವನು ಹೇಳಿಕೊಂಡದ್ದರಲ್ಲಿ ಸುಳ್ಳಿತ್ತು ಎಂದು ಕಥೆ ಎಲ್ಲೂ ಹೇಳುವುದಿಲ್ಲ. ದೂರದಲ್ಲಿ ನಿಂತ ಸುಂಕದವನನ್ನು ಅಳತೆಗೋಲು ಮಾಡಿಕೊಂಡದ್ದೇ ಅವನ ತಪ್ಪು. ಇನ್ನೊಬ್ಬರಿಗಿಂತ ನಾನು ಮೇಲೆಂದು ತೋರಿಸುವ ಆತ್ಮಶೋಧನೆಗೆ ಎಷ್ಟು ಹೊತ್ತು ಕಣ್ಣು ಮುಚ್ಚಿ ಕುಳಿತರೂ ಬೆಲೆಯಿಲ್ಲ.

ಅದರ ಮುಂದಿನ ಅಧ್ಯಾಯದಲ್ಲೇ ಇನ್ನೊಬ್ಬ ಸುಂಕದವ ಬರುತ್ತಾನೆ, ಜಕ್ಕಾಯ. ತನ್ನ ಮನಸ್ಸು ಎಷ್ಟು ನೊಂದಿದೆ ಎಂದು ಅವನು ವಿವರಿಸುವುದೇ ಇಲ್ಲ. ಆಸ್ತಿಯ ಅರ್ಧ ಬಡವರಿಗೆ, ಮೋಸದಿಂದ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು ವಾಪಸ್ಸು ಎನ್ನುತ್ತಾನೆ. ನನ್ನ ಮಟ್ಟಿಗೆ ಪಾಪನಿವೇದನೆಯ ನಿಜವಾದ ಮಾದರಿ ಇದು. ಕದ್ದದ್ದನ್ನು ಹಿಂದಿರುಗಿಸಬೇಕು ಎಂದು ಧರ್ಮಸಭೆಯ ಬೋಧನೆಯೂ ಹೇಳುತ್ತದೆ. ಆದರೂ ನಾವು ಕೋಪ, ಅಸೂಯೆ, ಪ್ರಾರ್ಥನೆ ತಪ್ಪಿಸಿದ್ದು ಇವನ್ನೆಲ್ಲ ಒಪ್ಪಿಸಿ, ಮಗ್ಗದವನಿಗೆ ಕೊಡದೆ ಉಳಿಸಿಕೊಂಡ ಕೂಲಿಯ ಬಗ್ಗೆ, ಅಣ್ಣನ ಹೊಲದೊಳಕ್ಕೆ ಸರಿದ ಬದುವಿನ ಬಗ್ಗೆ ಬಾಯಿ ಬಿಡುವುದಿಲ್ಲ. ರೇಷ್ಮೆ ಸೀರೆಗೆ ಹೆಸರಾದ ಕೊಳ್ಳೇಗಾಲದಲ್ಲಿ ಕೂಲಿಯ ಲೆಕ್ಕ ಯಾರಿಗೂ ಅಪರಿಚಿತವಲ್ಲ.

ಭಕ್ತಿಯ ಪರೀಕ್ಷೆ ಇನ್ನೊಬ್ಬರೊಂದಿಗೆ ನಡೆದುಕೊಳ್ಳುವುದರಲ್ಲಿದೆ ಎಂಬುದನ್ನು ಈ ಸೀಮೆಯ ಕ್ರೈಸ್ತರು ಬೈಬಲ್ಲಿನಿಂದಲೇ ಕಲಿಯಬೇಕೆಂದಿಲ್ಲ. ಇಲ್ಲಿನ ಚಿಕ್ಕಲ್ಲೂರಿನಲ್ಲಿ ಸಿದ್ಧಪ್ಪಾಜಿ ಜಾತ್ರೆ ನಡೆಯುತ್ತದೆ, ನೀಲಗಾರರೆಂಬ ಜನಪದ ಗಾಯಕರು ಸಿದ್ಧಪ್ಪಾಜಿಯ ಗುರು ಮಂಟೇಸ್ವಾಮಿಯ ಕಥೆ ಹಾಡುತ್ತಾರೆ. ಕಲ್ಯಾಣದ ಶರಣರಲ್ಲಿ ನಿಜವಾದವರು ಯಾರೆಂದು ತಿಳಿಯಲು ಮಂಟೇಸ್ವಾಮಿ ಹೋದದ್ದು ನಾರುವ, ಯಾರೂ ಮುಟ್ಟದ ರೂಪದಲ್ಲಿ. ಭಕ್ತಿಯ ಸಾಚಾತನ ಬಾಗಿಲಿಗೆ ಬಂದವನ ಎದುರು ಬಯಲಾಯಿತು. ಹಸಿದವನಲ್ಲಿ, ರೋಗಿಯಲ್ಲಿ ತನ್ನನ್ನೇ ಕಾಣಿರಿ ಎಂದ ಯೇಸುವಿನ ಮಾತಿಗೆ ಈ ಕಥೆ ಎಷ್ಟು ಹತ್ತಿರ!

ಇನ್ನೊಬ್ಬರ ನಂಬಿಕೆಯನ್ನು ಜಾಲಾಡುವ ಕೆಲಸಕ್ಕೆ ಆತ್ಮಶೋಧನೆಯನ್ನು ಬಳಸಬಾರದು. ದಲಿತ ಕ್ರೈಸ್ತರ ವಿಷಯವನ್ನೇ ನೋಡಿ. 1950ರ ರಾಷ್ಟ್ರಪತಿ ಆದೇಶ ಪರಿಶಿಷ್ಟ ಜಾತಿಯ ಸ್ಥಾನವನ್ನು ಹಿಂದೂಗಳಿಗೆ ಮೀಸಲಿಟ್ಟಿತು. 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಸೇರಿದರು. ದಲಿತ ಕ್ರೈಸ್ತರು ಹೊರಗೇ ಉಳಿದರು. ಮಗಳ ಓದಿಗಾಗಿ ಪ್ರಮಾಣಪತ್ರದಲ್ಲಿ ಒಂದು ಧರ್ಮ ಬರೆಸಿ, ಭಾನುವಾರ ಇಗರ್ಜಿಯಲ್ಲಿ ಮಂಡಿಯೂರುವ ತಾಯಿಯನ್ನು ಕಪಟಿ ಎನ್ನಲು ನನಗೆ ಮನಸ್ಸು ಬಾರದು. ಆಕೆಯನ್ನು ಆ ಇಕ್ಕಟ್ಟಿಗೆ ನೂಕಿದ ಕಾನೂನೂ, ಇಗರ್ಜಿಯೊಳಗೂ ಜಾತಿ ಕೇಳುವ ನಾವೂ ಮೊದಲು ಪರೀಕ್ಷೆಗೆ ನಿಲ್ಲಬೇಕು.

ಈ ತಪಸ್ಸುಕಾಲದಲ್ಲಿ ಗುರುಗಳ ಮುಂದೆ ಮಂಡಿಯೂರುವ ಮೊದಲು, ಕೂಲಿ ಬಾಕಿಯಿರುವವರ ಮನೆಗೆ ಒಮ್ಮೆ ಹೋಗಿ ಬನ್ನಿ.