ಹಳ್ಳದ ದಂಡೆಯಲ್ಲಿ ಅನುಮತಿಯ ಪ್ರಶ್ನೆ

ಹಳ್ಳಕ್ಕೆ ಹೊಂದಿಕೊಂಡ ಹೊಲವನ್ನು ನಿವೇಶನಗಳಾಗಿಯೋ ಕಾರ್ಖಾನೆಯ ಅಂಗಳವಾಗಿಯೋ ಮಾರ್ಪಡಿಸಲು ಬಯಸುವವನು 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 95ನೆಯ ಕಲಮಿನಂತೆ ಸಾಮಾನ್ಯವಾಗಿ ಜಿಲ್ಲಾಧಿಕಾರಿಗೆ ಅರ್ಜಿ ಸಲ್ಲಿಸಬೇಕಾಗುತ್ತದೆ. ಕೃಷಿಯ ನೆಲವನ್ನು ಕೃಷಿಯೇತರ ಉದ್ದೇಶಕ್ಕೆ ಬಳಸಲು ಸಿಗುವ ಈ ಒಪ್ಪಿಗೆಗೆ ಭೂಪರಿವರ್ತನೆ ಎಂದು ಹೆಸರು. ಕಚೇರಿಯ ಲೆಕ್ಕದಲ್ಲಿ ಇದು ಪಹಣಿ, ನಕ್ಷೆ, ಶುಲ್ಕ, ಆದೇಶ ಎಂಬ ಮೆಟ್ಟಿಲುಗಳನ್ನು ಹತ್ತಿ ಮುಗಿಯುವ ವ್ಯವಹಾರ. ಆದರೆ ತನ್ನ ಹೆಸರಿನಲ್ಲೇ ಇರುವ ನೆಲದಲ್ಲಿ ಏನನ್ನಾದರೂ ಮಾಡುವ ಮುನ್ನ ಮನುಷ್ಯ ಮತ್ತೊಬ್ಬರನ್ನು ಕೇಳಬೇಕೆಂಬ ನಿಯಮದ ಹಿಂದೆ ಧರ್ಮಜಿಜ್ಞಾಸೆಗೆ ಸೇರಿದ ಪ್ರಶ್ನೆಯೊಂದಿದೆ: ಕೇಳಬೇಕಾದದ್ದು ಯಾರನ್ನು, ಮತ್ತು ಅವರು ಮಾತನಾಡದಿದ್ದಾಗ ಆ ಮೌನಕ್ಕೆ ಯಾವ ಅರ್ಥ ಕಟ್ಟಬೇಕು?

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳಲ್ಲಿ ಈ ಪ್ರಶ್ನೆ ಬೇರೆಡೆಗಿಂತ ತೀಕ್ಷ್ಣವಾಗುತ್ತದೆ, ಏಕೆಂದರೆ ಮಳೆನೆರಳಿನ ಈ ಸೀಮೆಯ ಹಳ್ಳಗಳು ವರ್ಷದ ಬಹುಭಾಗ ಬತ್ತಿಯೇ ಇರುತ್ತವೆ, ಎಷ್ಟೋ ವರ್ಷ ಒಮ್ಮೆಯೂ ದಡ ಮುಟ್ಟದೆ ಕಳೆದುಹೋಗುತ್ತವೆ. ಮರಳು, ಜಾಲಿಗಿಡ, ಕುರಿಗಳು ತುಳಿದ ಜಾಡು ಇಷ್ಟೇ ಕಾಣುವ ತಗ್ಗನ್ನು ನೀರಿನ ದಾರಿಯೆಂದು ಹೇಳುವುದು ಕಣ್ಣಲ್ಲ, ಊರಿನ ನೆನಪು ಮತ್ತು ಸರ್ವೆಯ ನಕ್ಷೆ. ಕಂದಾಯದ ದಾಖಲೆಗಳಲ್ಲಿ ಸಾಗುವಳಿಗೆ ಒದಗದ ನೆಲವನ್ನು ಖರಾಬು ಎನ್ನುತ್ತಾರೆ. ಅದರಲ್ಲಿ ಬಂಡೆ, ತಿಟ್ಟುಗಳಂಥ ಕಾರಣದಿಂದ ಬಿಟ್ಟದ್ದು 'ಎ' ಖರಾಬು, ಹಳ್ಳ, ದಾರಿ, ಕೆರೆಗಳಂತೆ ಸಾರ್ವಜನಿಕರಿಗಾಗಿ ಬಿಟ್ಟದ್ದು 'ಬಿ' ಖರಾಬು. ನದಿ, ಹಳ್ಳ, ನಾಲೆ, ಕೆರೆಗಳ ಪಾತ್ರಗಳು ಸರ್ಕಾರದ ಸ್ವತ್ತೆಂದು ಅದೇ ಕಾಯ್ದೆಯ 67ನೆಯ ಕಲಂ ಹೇಳುತ್ತದೆ. ಹೀಗಾಗಿ ಹಳ್ಳವನ್ನೇ ತನಗೆ ಕೊಡಿರೆಂದು ಯಾರೂ ನ್ಯಾಯವಾಗಿ ಕೇಳಲಾರರು. ಕೇಳುವುದು ಅದರ ಪಕ್ಕದ ನೆಲವನ್ನು. ತೊಡಕಿರುವುದೂ ಅಲ್ಲಿಯೇ. ಪಕ್ಕದ ನೆಲಕ್ಕೆ ಮಣ್ಣು ಸುರಿದು ಎತ್ತರಿಸಿದರೆ ಹಳ್ಳದ ಪಾತ್ರ ನಕ್ಷೆಯಲ್ಲಿ ಇದ್ದಷ್ಟೇ ಇದ್ದರೂ ಪ್ರವಾಹ ಹರಡಿಕೊಳ್ಳುವ ಜಾಗ ಇಲ್ಲವಾಗುತ್ತದೆ, ಮತ್ತು ಅದರ ಫಲವನ್ನು ಅನುಭವಿಸುವವನು ಎತ್ತರಿಸಿದವನಲ್ಲ, ಕೆಳಗಿನವನು.

ಚಿತ್ರದುರ್ಗದ ಕೋಟೆಯನ್ನು ಕಟ್ಟಿದವರು ಈ ಮೇಲು ಕೆಳಗುಗಳ ಸಂಬಂಧವನ್ನು ಕಲ್ಲಿನಲ್ಲೇ ಬರೆದಿಟ್ಟಿದ್ದಾರೆ. ಬೆಟ್ಟದ ಮೇಲೆ ಬಿದ್ದ ಮಳೆನೀರು ಗೋಪಾಲಸ್ವಾಮಿ ಹೊಂಡ ತುಂಬಿ, ಅಲ್ಲಿಂದ ಅಕ್ಕ-ತಂಗಿಯರ ಹೊಂಡಕ್ಕೆ, ಮುಂದೆ ಸಿಹಿನೀರು ಹೊಂಡಕ್ಕೆ, ಕೊನೆಗೆ ಪೇಟೆಯ ಸಂತೆಹೊಂಡಕ್ಕೆ ಇಳಿಯುವಂತೆ ಅವರು ಏರ್ಪಾಟು ಮಾಡಿದ್ದರು. ಅದಕ್ಕೂ ಬಹಳ ಹಿಂದೆ, ಕ್ರಿ.ಶ. 4ನೆಯ ಶತಮಾನದಲ್ಲಿ, ಕದಂಬ ಮಯೂರಶರ್ಮನು ಊರಿನ ಪಕ್ಕದ ಚಂದ್ರವಳ್ಳಿಯ ಬಂಡೆಯ ಮೇಲೆ ಪ್ರಾಕೃತದಲ್ಲಿ ಕೆತ್ತಿಸಿದ ಶಾಸನ ಅವನು ಮಾಡಿಸಿದ ತಟಾಕವನ್ನು, ಅಂದರೆ ಕೆರೆಯನ್ನು, ಹೇಳುತ್ತದೆ. ಅವನು ಗೆದ್ದ ಅರಸುಮನೆತನಗಳ ಪಟ್ಟಿಯೂ ಆ ಕೆರೆಯ ಜೊತೆಯಲ್ಲೇ ಬರುತ್ತದೆ. ರಾಜ್ಯ ಸ್ಥಾಪಿಸಿದವನು ತನ್ನ ಗೆಲುವುಗಳನ್ನು ಕೆರೆಯ ಲೇಖದೊಳಗೆ ಬರೆಸಿದನೆಂಬುದು ಈ ನಾಡಿನ ರಾಜಧರ್ಮವನ್ನು ಕುರಿತು ಬಹಳವನ್ನು ತಿಳಿಸುತ್ತದೆ.

ನೀರಿನ ಹತ್ತಿರ ಕಟ್ಟುವವನ ಕರ್ತವ್ಯವನ್ನು ಧರ್ಮಶಾಸ್ತ್ರ ನೇರವಾಗಿಯೇ ಚರ್ಚಿಸಿದೆ. ಯಾಜ್ಞವಲ್ಕ್ಯ ಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ, ಎಂದರೆ ನ್ಯಾಯವಿಚಾರಣೆಯ ಭಾಗದಲ್ಲಿ, ಸೀಮಾವಿವಾದವೆಂಬ ಪ್ರಕರಣವಿದೆ. ಅದು ಗಡಿಜಗಳಗಳಿಗೆ ಸಂಬಂಧಿಸಿದ್ದು. ಈ ಸ್ಮೃತಿಗೆ 'ಮಿತಾಕ್ಷರಾ' ಎಂಬ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರನು ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ (ಆಳ್ವಿಕೆ 1076–1126) ಆಶ್ರಯದಲ್ಲಿದ್ದವನು, ಕನ್ನಡ ನೆಲದವನು. ಸ್ಮೃತಿ ಇಲ್ಲಿ ಎರಡು ಮಾತುಗಳನ್ನು ಒಂದರ ಪಕ್ಕ ಒಂದನ್ನು ಇಡುತ್ತದೆ. ಮೊದಲನೆಯದು: ಅಲ್ಪ ಬಾಧೆಯನ್ನುಂಟುಮಾಡಿ ಬಹಳ ಒಳಿತನ್ನು ಮಾಡುವ ಸೇತುವನ್ನು ನೆಲದ ಒಡೆಯನು ತಡೆಯಬಾರದು, ಇನ್ನೊಬ್ಬರ ಭೂಮಿಯಲ್ಲಿ ತುಸು ಜಾಗ ಹಿಡಿದು ಬಹಳ ನೀರು ಕೊಡುವ ಬಾವಿಗೂ ಇದೇ ನ್ಯಾಯ. ಎರಡನೆಯದು: ಒಡೆಯನಿಗೆ ನಿವೇದಿಸದೆ ಅವನ ಕ್ಷೇತ್ರದಲ್ಲಿ ಸೇತುವನ್ನು ಕಟ್ಟಿದವನಿಗೆ ಅದರ ಫಲದ ಮೇಲೆ ಹಕ್ಕಿಲ್ಲ, ಫಲ ಒಡೆಯನಿಗೆ, ಅವನಿಲ್ಲದಿದ್ದರೆ ಅರಸನಿಗೆ. ಸೇತುವೆಂದರೆ ಇಲ್ಲಿ ದಾಟುವ ಸೇತುವೆಯಲ್ಲ, ನೀರನ್ನು ನಡೆಸುವ ಅಥವಾ ನಿಲ್ಲಿಸುವ ಕಟ್ಟೋಣ. ನಾರದ ಸ್ಮೃತಿ ಅದನ್ನು, ನೀರು ಹರಿಯಲೆಂದು ಅಗೆದ 'ಖೇಯ' ಮತ್ತು ನೀರು ನಿಲ್ಲಲೆಂದು ಕಟ್ಟಿದ 'ಬಂಧ್ಯ' ಎಂದು ಎರಡು ಬಗೆಯಾಗಿ ವಿಂಗಡಿಸಿದೆ.

ಈ ಎರಡು ಮಾತುಗಳನ್ನು ಕೂಡಿಸಿ ಓದಿದಾಗಲೇ ಅವುಗಳ ಆಳ ಗೊತ್ತಾಗುವುದು. ಒಳ್ಳೆಯ ಕೆಲಸಕ್ಕೆ ಒಡೆಯನ ನಿರಾಕರಣೆ ಅಡ್ಡಿಯಾಗಬಾರದೆನ್ನುವ ಶಾಸ್ತ್ರವೇ, ಕೆಲಸ ಒಳ್ಳೆಯದಾಗಿದ್ದರೂ ತಿಳಿಸದೆ ಮಾಡಿದರೆ ಫಲವಿಲ್ಲವೆಂದೂ ಹೇಳುತ್ತದೆ. ಹಾಗಾದರೆ ಕೇಳುವುದರ ಉದ್ದೇಶ ಒಪ್ಪಿಗೆಯ ಪತ್ರವನ್ನು ಪಡೆಯುವುದಷ್ಟೇ ಅಲ್ಲ. ಬಾಧೆ ಎಷ್ಟು, ಒಳಿತೆಷ್ಟು ಎಂಬುದನ್ನು ಬಾಧೆಗೊಳಗಾಗುವವನ ಎದುರಿನಲ್ಲಿ ತೂಗುವುದು. ಲಾಭ ಪಡೆಯುವವನು ಒಬ್ಬನೇ ಕುಳಿತು ತೂಗಿದರೆ ಬಾಧೆ ಯಾವಾಗಲೂ ಅಲ್ಪವಾಗಿಯೇ ಕಾಣುತ್ತದೆ. ಶಾಸ್ತ್ರಕಾರರು ಅಭಿವೃದ್ಧಿಯ ವಿರೋಧಿಗಳಾಗಿದ್ದರೆಂಬ ಮಾತಿಗೆ ಇಲ್ಲಿ ಎಡೆಯೇ ಇಲ್ಲ. ಅವರು ಒಳಿತನ್ನು ಅಳೆದದ್ದು ನೀರು ಎಷ್ಟು ಹೆಚ್ಚಿತೆಂಬುದರಿಂದ, ನೆಲದ ಬೆಲೆ ಎಷ್ಟು ಹೆಚ್ಚಿತೆಂಬುದರಿಂದಲ್ಲ ಎಂಬುದನ್ನು ಮಾತ್ರ ಮರೆಯಬಾರದು.

ನಿವೇದಿಸಬೇಕಾದ ಒಡೆಯ ಯಾರೆಂಬುದು ಇದಕ್ಕಿಂತ ಕಠಿಣವಾದ ವಿಚಾರ. ಕರ್ನಾಟಕದ ದಾನಶಾಸನಗಳು ಭೂಮಿಯನ್ನು ಕೊಡುವಾಗ ಅಷ್ಟಭೋಗಗಳೆಂಬ ಎಂಟು ಹಕ್ಕುಗಳನ್ನು ನಿಧಿ, ನಿಕ್ಷೇಪ, ಜಲ, ಪಾಷಾಣ ಮೊದಲಾಗಿ ಬಿಡಿಬಿಡಿಯಾಗಿ ಎಣಿಸುತ್ತವೆ. ನೆಲ ಪಡೆದವನಿಗೆ ನೀರೂ ತಾನಾಗಿ ಬಂತೆಂದು ಭಾವಿಸಿದ್ದರೆ ಜಲವನ್ನು ಹೆಸರಿಸಿ ಹೇಳುವ ಅಗತ್ಯವಿರುತ್ತಿರಲಿಲ್ಲ. ಕೆರೆ ಕಟ್ಟಿಸಿದವನು ಮಾಡಬೇಕಾದ ಉತ್ಸರ್ಗವೆಂಬ ವಿಧಿ ಇನ್ನೂ ಮುಂದೆ ಹೋಗುತ್ತದೆ. ದಾನಕ್ಕೆ ಅದನ್ನು ಸ್ವೀಕರಿಸುವ ಒಬ್ಬನು ಬೇಕು. ಉತ್ಸರ್ಗದಲ್ಲಿ ಅಂಥ ಒಬ್ಬನಿಲ್ಲ, ಕಟ್ಟಿಸಿದವನು ನೀರನ್ನು ಸರ್ವಭೂತಗಳಿಗೆ, ಅಂದರೆ ಎಲ್ಲ ಜೀವಿಗಳಿಗೆ, ಬಿಟ್ಟುಕೊಡುತ್ತಾನೆ, ಬಿಟ್ಟ ಮೇಲೆ ಎಲ್ಲರಲ್ಲಿ ಒಬ್ಬನಾಗಿ ತಾನೂ ಬಳಸುತ್ತಾನೆ. ಜೈನ ದರ್ಶನವಂತೂ ನೀರನ್ನೇ ಶರೀರವಾಗಿ ಉಳ್ಳ ಅಪ್ಕಾಯಿಕ ಜೀವಿಗಳಿವೆಯೆಂದು ಒಪ್ಪಿ, ಕೇಳಬೇಕಾದವರ ಪಟ್ಟಿಗೆ ನೀರನ್ನೇ ಸೇರಿಸುತ್ತದೆ. ಇಳೆಯೂ ಬೆಳೆಯೂ ಗಾಳಿಯೂ ದೇವರ ದಾನವೆಂದು ಕಂಡ ಜೇಡರ ದಾಸಿಮಯ್ಯನ ನೋಟದಲ್ಲಿ ಮನುಷ್ಯನ ಒಡೆತನವೆಂಬುದು ಮೊದಲಿನಿಂದಲೂ ಪಡೆದುಕೊಂಡವನ ಸ್ಥಾನವೇ ಹೊರತು ಒಡೆಯನ ಸ್ಥಾನವಲ್ಲ.

ಆದರೆ ಇದೇ ಪರಂಪರೆಯ ಮಹಾದೋಷವೊಂದನ್ನು ಮುಚ್ಚಿಟ್ಟು ಈ ಮಾತುಗಳನ್ನು ಆಡುವುದು ಅನ್ಯಾಯ. ಸರ್ವಭೂತಗಳಿಗೆಂದು ಬಿಟ್ಟ ನೀರಿಗೆ ಹಸು, ನಾಯಿ, ಹಕ್ಕಿಗಳು ಬಾಯಿ ಹಾಕಬಹುದಾಗಿದ್ದ ಊರುಗಳಲ್ಲಿ ಅಸ್ಪೃಶ್ಯರೆಂದು ದೂರವಿಟ್ಟ ಮನುಷ್ಯರು ಆ ಕೆರೆಗಳ ಸೋಪಾನಗಳನ್ನು ಇಳಿಯುವಂತಿರಲಿಲ್ಲ. 1927ರ ಮಾರ್ಚಿನಲ್ಲಿ ಮಹಾಡದ ಚೌದಾರ್ ಕೆರೆಯ ನೀರನ್ನು ಅಂಬೇಡ್ಕರ್ ಅವರು ಕುಡಿದು ತೋರಿಸಬೇಕಾಗಿ ಬಂದದ್ದು ಉತ್ಸರ್ಗದ ಸಂಕಲ್ಪವಾಕ್ಯ ಎಲ್ಲಿಯೂ ಪೂರ್ಣವಾಗಿ ನಡೆದಿರಲಿಲ್ಲ ಎಂಬುದಕ್ಕೆ ಸಾಕ್ಷಿ. ಹಾಗೆಂದು ಆ ಸಂಕಲ್ಪ ಸುಳ್ಳಾಗುವುದಿಲ್ಲ. ಅದನ್ನು ಉಚ್ಚರಿಸಿದವರು ತಮ್ಮ ಮಾತಿಗೆ ಇನ್ನೂ ಋಣಿಗಳಾಗಿದ್ದಾರೆಂದಷ್ಟೇ ಅರ್ಥ. ಹಳ್ಳದ ದಂಡೆಯ ಅರ್ಜಿಯ ವಿಷಯದಲ್ಲಿಯೂ ಹೆಸರಿಲ್ಲದವರೇ ಮೊದಲು ಪಟ್ಟಿಯಿಂದ ಬಿಟ್ಟುಹೋಗುತ್ತಾರೆ: ಪಹಣಿಯಿಲ್ಲದ ಕುರಿಗಾಹಿ, ಕೆಳಗಿನ ಕೇರಿಯ ಕೈಪಂಪನ್ನು ನಂಬಿದ ಮನೆಗಳು, ಇನ್ನೂ ಹುಟ್ಟದ ಮಕ್ಕಳು.

ಮೌನದ ಪ್ರಶ್ನೆ ಬರುವುದು ಇವರೆಲ್ಲರ ಸಲುವಾಗಿಯೇ. 95ನೆಯ ಕಲಂ ತನ್ನ ಮೂಲರೂಪದಲ್ಲಿ, ಜಿಲ್ಲಾಧಿಕಾರಿಯು ನಾಲ್ಕು ತಿಂಗಳೊಳಗೆ ತೀರ್ಮಾನ ತಿಳಿಸದಿದ್ದರೆ ಅನುಮತಿ ದೊರೆಯಿತೆಂದೇ ಭಾವಿಸಬೇಕೆಂದು ವಿಧಿಸಿತ್ತು. ನಾಗರಿಕನನ್ನು ಕಚೇರಿಯ ವಿಳಂಬದಿಂದ ಕಾಪಾಡಲು ಇಂಥ ನಿಯಮ ಬೇಕೇ ಬೇಕು, ಅದರ ಹಿಂದೆ ಸದುದ್ದೇಶವಿದೆ. ಮೌನವೇ ಸಮ್ಮತಿಯ ಲಕ್ಷಣವೆಂಬ ಹಳೆಯ ನುಡಿಯೂ ಇದನ್ನು ಬೆಂಬಲಿಸುವಂತೆ ತೋರುತ್ತದೆ. ಆದರೆ ಮಾತನಾಡಬಲ್ಲವನು ಸುಮ್ಮನಿದ್ದಾಗ ಮಾತ್ರ ಮೌನ ಸಮ್ಮತಿಯಾಗಬಲ್ಲದು. ಮಾತನಾಡಲು ಬಾರದವನ, ಕೇಳಿಯೇ ಇರದವನ ಮೌನಕ್ಕೆ ಆ ಅರ್ಥ ಹೊಂದುವುದಿಲ್ಲ. ಬತ್ತಿದ ಹಳ್ಳದ ಮೌನ ಎರಡನೆಯ ಬಗೆಯದು. ಹತ್ತು ವರ್ಷ ನೀರು ಬರಲಿಲ್ಲವೆಂಬುದನ್ನು ಹಳ್ಳವು ತನ್ನ ಹಕ್ಕನ್ನು ಬಿಟ್ಟುಕೊಟ್ಟಿತೆಂದು ಓದುವವನು ಬರಗಾಲವನ್ನೇ ತನ್ನ ಪರವಾದ ಸಾಕ್ಷಿಯಾಗಿ ಕರೆಯುತ್ತಿದ್ದಾನೆ.

ವಾಣಿವಿಲಾಸ ಸಾಗರದ ಚರಿತ್ರೆ ಈ ಓದಿನ ತಪ್ಪನ್ನು ತೋರಿಸುತ್ತದೆ. ಹಿರಿಯೂರು ತಾಲ್ಲೂಕಿನ ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ ಮೈಸೂರು ಸಂಸ್ಥಾನ 1907ರಲ್ಲಿ ಕಟ್ಟಿ ಮುಗಿಸಿದ ಈ ಜಲಾಶಯ 1933ರಲ್ಲಿ ತುಂಬಿ ಕೋಡಿ ಹರಿಯಿತು, ಎಂದರೆ ಹೆಚ್ಚಾದ ನೀರು ಹೊರಬೀಳುವ ದಾರಿಯಲ್ಲಿ ಹರಿಯಿತು. ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ. ನಡುವಿನ 89 ವರ್ಷಗಳಲ್ಲಿ ಮೂರು ತಲೆಮಾರುಗಳು ಆ ನೀರಿನ ಗೆರೆಯನ್ನು ಕಂಡಿರಲಿಲ್ಲ. 2022ರಲ್ಲಿ ಹಿನ್ನೀರು ಹೊಸದುರ್ಗ ತಾಲ್ಲೂಕಿನ ಹೊಲ ತೋಟಗಳವರೆಗೆ ಏರಿತು, ಕೆಳಗೆ ವೇದಾವತಿ ದಂಡೆ ಮೀರಿ ಹರಿಯಿತು. 2025ರ ಜನವರಿಯಲ್ಲಿ ಜಲಾಶಯ ಮತ್ತೆ ತುಂಬಿತು. ನೀರಿನ ಕಾಲಮಾನ ಒಂದು ಆಯುಷ್ಯದ ಅಳತೆಗೆ ಸಿಕ್ಕುವುದಿಲ್ಲವೆಂದ ಮೇಲೆ, ಒಬ್ಬನ ಕಣ್ಣಳತೆಯ ಒಣನೆಲವನ್ನು ಆಧಾರ ಮಾಡಿಕೊಂಡ ಅನುಮತಿ ಅರ್ಧ ಪ್ರಮಾಣದ ಮೇಲೆ ನಿಂತ ತೀರ್ಪಾಗುತ್ತದೆ.

ಕೇಳುವ ವಿಧಿಗಳು ಧಾರ್ಮಿಕ ಜೀವನದಲ್ಲಿ ಕಡಿಮೆಯೇನಲ್ಲ. ವರಾಹಮಿಹಿರನ 'ಬೃಹತ್ಸಂಹಿತೆ' ಮರ ಕಡಿಯುವ ಮುನ್ನ ಅದರಲ್ಲಿ ನೆಲೆಸಿದ ಭೂತಗಳಿಗೆ ನಮಸ್ಕರಿಸಿ, ಬೇರೆಡೆ ವಾಸ ಮಾಡಿರೆಂದು ಬೇಡಿಕೊಳ್ಳಲು ಹೇಳುತ್ತದೆ. ಇಂದಿನ ಭೂಮಿಪೂಜೆಯಲ್ಲಿಯೂ ಇದೇ ಭಾವವಿದೆ. ಆದರೂ ಭೂಮಿಪೂಜೆಯ ಮುಹೂರ್ತ ನಿಗದಿಯಾಗುವ ಹೊತ್ತಿಗೆ ಜೆಸಿಬಿ ಬಂದು ನಿಂತಿರುತ್ತದೆ, ಬೇಡವೆಂಬ ಉತ್ತರ ಬರುವ ದಾರಿ ಮುಚ್ಚಿರುತ್ತದೆ. ನಿರಾಕರಣೆಗೆ ಅವಕಾಶವಿಲ್ಲದ ಕೇಳುವಿಕೆ ಕ್ಷಮಾಪಣೆಯಾಗಬಹುದು, ಅನುಮತಿಯಾಗಲಾರದು. ಊರದೇವತೆಯ ಗುಡಿಗಳಲ್ಲಿ ಹೂವಿನ ಅಪ್ಪಣೆ ಕೇಳುವ ರೂಢಿ ಈ ದೃಷ್ಟಿಯಿಂದ ಹೆಚ್ಚು ಪ್ರಾಮಾಣಿಕವಾದದ್ದು: ದೇವರಿಗೆ ಏರಿಸಿದ ಹೂ ಬಲಕ್ಕೆ ಬಿದ್ದರೆ ಒಪ್ಪಿಗೆ, ಎಡಕ್ಕೆ ಬಿದ್ದರೆ ನಿರಾಕರಣೆ, ಬೀಳದಿದ್ದರೆ ಕಾಯಬೇಕು. ಬೀಳದ ಹೂವನ್ನು ಬಲಕ್ಕೆ ಬಿದ್ದಿತೆಂದು ಅಲ್ಲಿ ಯಾರೂ ಭಾವಿಸುವುದಿಲ್ಲ. ಹೂವಿನಿಂದ ಜಲವಿಜ್ಞಾನ ತಿಳಿಯುವುದಿಲ್ಲವೆಂಬುದು ನಿಜ. ಇಲ್ಲಿ ಗಮನಿಸಬೇಕಾದದ್ದು ಕಾಯುವವನ ಮನಸ್ಸಿನ ರಚನೆಯನ್ನು.

ಕಾನೂನು ಈ ಕಾಯುವಿಕೆಯನ್ನು ಮೀಟರುಗಳಿಗೆ ಇಳಿಸಲು ಯತ್ನಿಸಿದೆ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಮೇ ತಿಂಗಳಲ್ಲಿ ಬೆಂಗಳೂರಿನ ಕೆರೆಗಳ ಸುತ್ತ 75 ಮೀಟರ್, ರಾಜಕಾಲುವೆಗಳ ಪಕ್ಕ ಅವುಗಳ ದರ್ಜೆಗೆ ತಕ್ಕಂತೆ 50, 35, 25 ಮೀಟರ್ ನೆಲವನ್ನು ಕಟ್ಟಡಗಳಿಂದ ಮುಕ್ತವಾಗಿಡಬೇಕೆಂದಿತ್ತು. ಶಾಸನಬದ್ಧವಾದ ಮಹಾಯೋಜನೆಯ ಅಳತೆಗಳನ್ನು ಬದಲಿಸುವ ಅಧಿಕಾರ ಮಂಡಳಿಗಿಲ್ಲವೆಂದು ಸುಪ್ರೀಂ ಕೋರ್ಟ್ 2019ರ ಮಾರ್ಚಿನಲ್ಲಿ ಆ ನಿರ್ದೇಶನವನ್ನು ತಳ್ಳಿಹಾಕಿತು. ಅಳತೆಗಳು ಅಗತ್ಯ, ಅವಿಲ್ಲದೆ ಅಧಿಕಾರಿಯ ಮರ್ಜಿಯೇ ಕಾನೂನಾಗುತ್ತದೆ. ಆದರೆ ಗೆರೆಯ ಆಚೆಗೆ ಒಂದು ಅಡಿ ಸರಿದು ಕಟ್ಟಿದವನು ಕೆಳಗಿನವನಿಗೆ ಏನನ್ನೂ ತಿಳಿಸಬೇಕಿಲ್ಲವೆಂಬ ಭ್ರಮೆಯನ್ನೂ ಅವು ಹುಟ್ಟಿಸುತ್ತವೆ.

ಎದುರು ಪಕ್ಷದ ಮಾತಿಗೂ ತೂಕವಿದೆ. ಕೊರೆದ ಕೊಳವೆಬಾವಿಗಳೆಲ್ಲ ಬತ್ತಿ, ಶೇಂಗಾ ಕೈಕೊಟ್ಟು, ಸಾಲ ಬೆಳೆದ ರೈತನಿಗೆ ಪಟ್ಟಣದ ಅಂಚಿನ ಎರಡೆಕರೆ ನಿವೇಶನವಾಗುವುದೊಂದೇ ಬಿಡುಗಡೆಯಾಗಿರಬಹುದು. ಹಳ್ಳದ ಹೆಸರಿನಲ್ಲಿ ಅವನನ್ನು ತಡೆದು, ಅದೇ ಹಳ್ಳದ ಮೇಲುಭಾಗದ ಗುಡ್ಡಗಳಲ್ಲಿ ಗಣಿಗಾರಿಕೆಗೆ ದಾರಿ ಬಿಡುವ ವ್ಯವಸ್ಥೆ ಧರ್ಮದ ಮಾತನಾಡಲು ಅರ್ಹವಲ್ಲ. ಚಿತ್ರದುರ್ಗ ಜಿಲ್ಲೆಯ ಕಬ್ಬಿಣದ ಅದಿರಿನ ಗಣಿಗಳನ್ನು 2011ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ನಿಲ್ಲಿಸಬೇಕಾಗಿ ಬಂದದ್ದು ಇಲ್ಲಿ ನೆನೆಯತಕ್ಕದ್ದು. ಬಾಧೆ ಮತ್ತು ಒಳಿತುಗಳ ತೂಕ ದೊಡ್ಡವನಿಂದ ಆರಂಭವಾಗಬೇಕು. ಸಣ್ಣ ಹಿಡುವಳಿದಾರ ದಂಡೆಯ ನೆಲವನ್ನು ಬಿಟ್ಟುಕೊಟ್ಟರೆ ಆ ತ್ಯಾಗದ ಬೆಲೆಯನ್ನು ನೀರನ್ನು ಬಳಸುವವರೆಲ್ಲ ಹಂಚಿಕೊಳ್ಳಬೇಕು. ಹಿಂದೆ ಕೆರೆಯನ್ನು ನೋಡಿಕೊಳ್ಳುವವನಿಗೆ ಕೆರೆಕೊಡಗೆಯೆಂದು ಭೂಮಿ ಕೊಡುತ್ತಿದ್ದುದು ಇದೇ ನ್ಯಾಯದಿಂದ: ಎಲ್ಲರ ಒಳಿತಿಗಾಗಿ ದುಡಿದವನನ್ನು ಬರಿಗೈಯಲ್ಲಿ ಬಿಡಬಾರದು.

ಇತ್ತೀಚಿನ ವರ್ಷಗಳಲ್ಲಿ ಭೂಪರಿವರ್ತನೆಯ ಅರ್ಜಿ ಬಹುಮಟ್ಟಿಗೆ ಅರ್ಜಿದಾರನ ಪ್ರಮಾಣಪತ್ರವನ್ನು, ಎಂದರೆ ಅವನು ಆಣೆಯಿಟ್ಟು ಬರೆದ ಹೇಳಿಕೆಯನ್ನು, ನೆಚ್ಚಿಕೊಂಡಿದೆ. ಪರಿಶೀಲಿಸುವವರ ಹೊರೆ ಇಳಿದಂತೆಲ್ಲ ಆಣೆಯ ಹೊರೆ ಏರುತ್ತದೆ. ವಿಜ್ಞಾನೇಶ್ವರನು ವ್ಯಾಖ್ಯಾನಿಸಿದ ನಿವೇದನೆಯನ್ನು ಈ ಪ್ರಮಾಣದೊಳಗೆ ತರುವುದು ಅಸಾಧ್ಯವಲ್ಲ. ತನ್ನ ನೆಲದ ಮೇಲೆ ಬಿದ್ದ ನೀರು ಯಾವ ಹಳ್ಳದ ಮೂಲಕ ಯಾವ ಕೆರೆಗೆ ಸೇರುತ್ತದೆ, ಆ ಕೆರೆಯ ಅಚ್ಚುಕಟ್ಟು, ಅಂದರೆ ಅದರ ನೀರುಣ್ಣುವ ಗದ್ದೆ ತೋಟಗಳು, ಯಾವ ಊರುಗಳಲ್ಲಿವೆ ಎಂಬುದನ್ನು ಗ್ರಾಮನಕ್ಷೆ ಹಿಡಿದು ನಡೆದು ತಿಳಿದು ಬರೆಯುವುದು. ಆ ಊರುಗಳ ಗ್ರಾಮಸಭೆಯಲ್ಲಿ ಅದನ್ನು ಓದಿ ಹೇಳುವುದು. 1933ನ್ನು ಕಂಡವರು ಉಳಿದಿಲ್ಲದಿದ್ದರೂ 2022ನ್ನು ಕಂಡವರಿಂದ ನೀರು ಎಲ್ಲಿಯವರೆಗೆ ಬಂದಿತ್ತೆಂದು ಕೇಳಿ ಗುರುತು ಮಾಡಿಕೊಳ್ಳುವುದು. ಆ ಸಭೆಯಲ್ಲಿ ಬೇಡವೆಂಬ ಮಾತು ಬಂದರೆ ಬೇಲಿಯನ್ನು ಹಿಂದಕ್ಕೆ ಸರಿಸಲು ಬಡಾವಣೆಯ ನಕ್ಷೆಯಲ್ಲಿ ಇನ್ನೂ ಎಡೆಯಿರಬೇಕು. ಎಂದರೆ ಈ ಕೇಳುವ ಕೆಲಸ ನಿವೇಶನಗಳಿಗೆ ಮುಂಗಡ ಹಣ ಪಡೆಯುವ ಮೊದಲೇ ನಡೆದಿರಬೇಕು.